ಮಾವನವರ ಹಲ್ಲು ತೊಳೆದ ದಿನಗಳು

ಮಾವನವರು ದಾವಣಗೆರೆಯಿಂದ ಬಂದಿಳಿದಾಗ ಅವರ ಬಲಗೈ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರಿನೊಳಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅತ್ತೆ ತೀರಿಹೋಗಿ ಆಗಲೇ ಹತ್ತು ವರ್ಷವಾಗಿತ್ತು. ನನ್ನ ಹೆಂಡತಿ ಒಬ್ಬಳೇ ಮಗಳು. ಕೈ ಕೂಡುವ ತನಕ ನಮ್ಮ ಮನೆಯಲ್ಲೇ ಇರಬೇಕು ಎಂದು ಅವಳು ಹಟ ಹಿಡಿದು ಕರೆಸಿಕೊಂಡಿದ್ದಳು. ಆರು ವಾರದ ಮಾತು ಎಂದು ಡಾಕ್ಟರು ಹೇಳಿದ್ದರಂತೆ.

ಆಗ ನಾವು ರಾಜಾಜಿನಗರದಲ್ಲಿ ಮನೆ ಮಾಲೀಕರ ಹಿತ್ತಲಿಗೆ ಅಂಟಿಕೊಂಡಿದ್ದ ಎರಡು ಕೋಣೆಯ ಔಟ್‌ಹೌಸಿನಲ್ಲಿದ್ದೆವು. ಮದುವೆಯಾಗಿ ಮೂರು ವರ್ಷ. ಅಡುಗೆಮನೆ ಒಳಗೆ, ಬಚ್ಚಲು ಹೊರಗೆ. ಅಂಗಳದಲ್ಲಿ ಒಂದು ನಲ್ಲಿ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ಬಚ್ಚಲಲ್ಲಿ ತಾಮ್ರದ ಹಂಡೆ, ಸೌದೆ ಒಲೆ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ರಸ್ತೆಯ ತುದಿಗೆ ಫ್ಯಾಕ್ಟರಿ ಬಸ್ಸು ಬರುತ್ತಿತ್ತು. ಅದು ಯಾರಿಗೂ ಕಾಯುತ್ತಿರಲಿಲ್ಲ.

ಮಾವನವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಸ್ಕೂಲ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಯಾವ ಶಾಲೆಗೆ ಹೋದರೂ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು, ಆಮೇಲೆ ಹಲ್ಲು ನೋಡುತ್ತಿದ್ದರಂತೆ. ಹಲ್ಲು ಉಜ್ಜದೆ ಬಂದ ಹುಡುಗನ ಜೊತೆ ಅವನ ಮೇಷ್ಟ್ರಿಗೂ ಬೈಗುಳ. ಆ ಕಡೆಯ ಎರಡು ತಾಲ್ಲೂಕಿನಲ್ಲಿ ಅವರ ಹೆಸರು ಹೇಳಿದರೆ ಮಕ್ಕಳು ಬೇವಿನಕಡ್ಡಿ ಹುಡುಕುತ್ತಿದ್ದರು ಎಂದು ನನ್ನ ಹೆಂಡತಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಬಂದ ಮಾರನೆಯ ಬೆಳಿಗ್ಗೆ ಆರೂಕಾಲಿಗೆ ಅವರು ನನ್ನ ಹಾಸಿಗೆಯ ಬಳಿ ಬಂದು ನಿಂತರು. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಅಳಿಯಂದ್ರೇ, ಸ್ವಲ್ಪ ಬಚ್ಚಲಿಗೆ ಬರ್ರಿ."

ಸ್ನಾನಕ್ಕೆ ನೀರು ತೋಡಿ ಕೊಡಬೇಕೇನೋ ಎಂದುಕೊಂಡು ಎದ್ದು ಹೋದೆ. ಒಳಗೆ ಹೋದ ಕೂಡಲೇ ಚಿಲಕ ಹಾಕಲು ಹೇಳಿದರು. ಆಮೇಲೆ ಎಡಗೈಯಿಂದ ಜುಬ್ಬಾದ ಜೇಬಿಗೆ ಕೈ ಹಾಕಿ, ಮುಚ್ಚಳವಿದ್ದ ಒಂದು ಪಿಂಗಾಣಿ ಬಟ್ಟಲನ್ನು ತೆಗೆದು ನನ್ನ ಕೈಗಿಟ್ಟರು. ಮುಚ್ಚಳ ತೆಗೆದೆ. ನೀರಿನಲ್ಲಿ ಮೇಲಿನ ಸಾಲು, ಕೆಳಗಿನ ಸಾಲು, ಪೂರ್ತಿ ಎರಡು ಸೆಟ್ಟು ಹಲ್ಲು ನನ್ನನ್ನು ನೋಡಿ ನಗುತ್ತಿದ್ದವು.

ಬಟ್ಟಲು ಕೈಜಾರಲಿಲ್ಲ ಎಂಬುದೇ ಪುಣ್ಯ. "ಎರಡು ಹಲ್ಲು ಕಟ್ಟಿಸಿದೀರಿ ಅಂತ ಅವಳು ಹೇಳಿದ್ಲು..." ಎಂದೆ.

"ಹಂಗಂತ ಅವಳಿಗೆ ಹೇಳೀನಿ. ಇರೋದು ಇಷ್ಟು." ಟವೆಲ್ಲು ತೆಗೆದರು. ಬಾಯಿ ಒಳಕ್ಕೆ ಸೇದಿಹೋಗಿತ್ತು. ಮೂಗು ಗಲ್ಲಕ್ಕೆ ಹತ್ತಿರ ಬಂದಂತಿತ್ತು. ಒಂದು ರಾತ್ರಿಯಲ್ಲಿ ಹದಿನೈದು ವರ್ಷ ವಯಸ್ಸಾದ ಹಾಗೆ. "ಒಂದು ಕೈಯಾಗ ತೊಳಿಯಾಕೆ ಆಗೋದಿಲ್ಲ. ಹಿಡಿಯಾಕೊಂದು ಕೈ ಬೇಕು, ಉಜ್ಜಾಕೊಂದು ಕೈ ಬೇಕು. ನನ್ನ ಮಗಳು ಇದನ್ನ ನೋಡಬಾರದು. ನಿಮ್ಮನ್ನ ಬಿಟ್ರೆ ನನಗ ಬೇರೆ ಯಾರೂ ಇಲ್ಲ."

ಹುಬ್ಬಳ್ಳಿಗೆ ಹೋಗಿ, ಪರಿಚಯದವರು ಯಾರಿಗೂ ತಿಳಿಯದ ಹಾಗೆ ಕಟ್ಟಿಸಿಕೊಂಡು ಬಂದಿದ್ದರು. ಊರಿನವರ ಹಲ್ಲನ್ನೆಲ್ಲ ನೋಡಿದವರಿಗೆ ತಮ್ಮ ಬಾಯಿಯಲ್ಲಿ ಒಂದೂ ಉಳಿಯಲಿಲ್ಲ ಎನ್ನುವುದು ಸಣ್ಣ ಅವಮಾನವಾಗಿರಲಿಲ್ಲ. ನನಗೆ ಅಯ್ಯೋ ಎನಿಸಿತು. ಆಗಲಿ ಬಿಡಿ ಮಾವ, ಅದರಲ್ಲೇನು, ಎಂದುಬಿಟ್ಟೆ. ಆ ಮಾತನ್ನು ಆಮೇಲೆ ಎಷ್ಟು ಸಲ ಹಿಂತೆಗೆದುಕೊಳ್ಳಬೇಕೆನಿಸಿತೋ ಲೆಕ್ಕವಿಲ್ಲ.

ಹಲ್ಲು ತೊಳೆಯುವುದೆಂದರೆ ಎರಡು ನಿಮಿಷದ ಕೆಲಸ ಎಂದು ನಾನು ತಿಳಿದಿದ್ದೆ. ಮಾವನವರ ಲೆಕ್ಕದಲ್ಲಿ ಅದು ಇಪ್ಪತ್ತೈದು ನಿಮಿಷದ್ದು. ಮೊದಲು ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ, ಅದರ ಮೇಲೇ ಹಿಡಿದು ತೊಳೆಯಬೇಕು. ಜಾರಿದರೆ ನೀರಿಗೆ ಬೀಳಬೇಕು, ಕಲ್ಲಿಗೆ ಬೀಳಬಾರದು. ಮೆತ್ತನೆಯ ಬ್ರಷ್ಷು ಬೇಕು. ಮೊದಲ ದಿನ ನಾನು ನಮ್ಮ ಮನೆಯ ಕರಿ ಹಲ್ಲುಪುಡಿ ಹಾಕಲು ಹೋದಾಗ ಅವರು ಕೂಗಿದ ಕೂಗಿಗೆ ಬಚ್ಚಲಿನ ಹಲ್ಲಿ ಓಡಿಹೋಯಿತು.

"ಪುಡಿ ಬ್ಯಾಡ್ರಿ! ಗೀರು ಬೀಳ್ತಾವೆ. ಗೀರಿನಾಗ ಕೊಳೆ ಕೂರ್ತದೆ. ಸೋಪು, ಬರೀ ಸೋಪು."

ಸೋಪಿನಲ್ಲಿ ಉಜ್ಜಿದೆ. ಮೊದಲು ಅಂಗುಳಿಗೆ ತಾಗುವ ಒಳಮೈ, ಆಮೇಲೆ ವಸಡಿನ ಅಂಚು, ಆಮೇಲೆ ಒಂದೊಂದೇ ಹಲ್ಲಿನ ಸಂದು. ಉಜ್ಜಿ ತೊಳೆದು ಕೊಟ್ಟರೆ ಅವರು ಅದನ್ನು ಬಚ್ಚಲಿನ ಸಣ್ಣ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದೆ.

"ಇಲ್ಲಿ ನೋಡ್ರಿ. ದವಡೆ ಹಲ್ಲಿನ ಹಿಂದೆ."

"ಏನೂ ಇಲ್ಲ ಮಾವ."

"ಐತಿ. ಇನ್ನೊಮ್ಮೆ."

ಎರಡನೇ ಸಲ ತೊಳೆದು ಕೊಟ್ಟ ಮೇಲೆ ಅವರು ಗೋಡೆಯ ಕಡೆ ತಿರುಗಿ ಹಾಕಿಕೊಳ್ಳುತ್ತಿದ್ದರು. ತಿರುಗಿ ನಿಂತಾಗ ಮತ್ತೆ ಹಳೆಯ ಇನ್‌ಸ್ಪೆಕ್ಟರ್ ಸಾಹೇಬರು. ಆಮೇಲೆ ಸ್ನಾನ, ವಿಭೂತಿ, ಲಿಂಗಪೂಜೆ. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಸ್ಸಿಗೆ ಓಟ. ಸಂಜೆ ಬಂದು ಕಾಫಿ ಕುಡಿಯುವ ಮುಂಚೆ ಮತ್ತೊಂದು ಸುತ್ತು, ರಾತ್ರಿ ಊಟವಾದ ಮೇಲೆ ಕೊನೆಯದು. ಮಲಗುವಾಗ ನೀರಿನಲ್ಲಿ ಮುಳುಗಿಸಿಡಬೇಕು. ಒಣಗಿದರೆ ಆಕಾರ ಕೆಡುತ್ತದಂತೆ.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಎಲೆ ಅಡಿಕೆ. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಎಡಗೈಯಲ್ಲೇ ಸುಣ್ಣ ಸವರಿ ಹಾಕಿಕೊಳ್ಳುತ್ತಿದ್ದರು. ಅದರ ಕರೆ ಹಲ್ಲಿನ ಸಂದಿನಲ್ಲಿ ಕಾಚಿನ ಬಣ್ಣದಲ್ಲಿ ಕೂತುಬಿಡುತ್ತಿತ್ತು. ಸೋಪಿಗೆ ಬಗ್ಗುತ್ತಿರಲಿಲ್ಲ.

"ಮಾವ, ಕೈ ಸರಿಹೋಗೋ ತನಕ ಎಲೆ ಅಡಿಕೆ ನಿಲ್ಲಿಸಬಹುದಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಊಟ ಅರಗಬೇಕಲ್ರಿ," ಎಂದರು, ನಾನೇನೋ ಕೇಳಬಾರದ್ದು ಕೇಳಿದೆ ಎಂಬಂತೆ.

ಹೆಂಡತಿಗೆ ಸಂಶಯ ಬಾರದಿರುತ್ತದೆಯೇ? ದಿನಕ್ಕೆ ಮೂರು ಸಲ ಮಾವ ಅಳಿಯ ಇಬ್ಬರೂ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆವು. ಒಳಗಿನಿಂದ "ಇನ್ನೊಮ್ಮೆ, ಇನ್ನೊಮ್ಮೆ" ಎಂಬ ಮಾತು. ಮಾಲೀಕರ ಹೆಂಡತಿ ನಲ್ಲಿಯ ಹತ್ತಿರ ಅವಳನ್ನು ನಿಲ್ಲಿಸಿ, "ಏನಮ್ಮಾ, ನಿಮ್ಮ ಯಜಮಾನ್ರು ಅಪ್ಪನ್ನ ಕರ್ಕೊಂಡು ಬಚ್ಚಲಲ್ಲಿ ಅಷ್ಟು ಹೊತ್ತು ಏನ್ ಮಾಡ್ತಾರೆ?" ಎಂದು ಕೇಳಿದ್ದರಂತೆ.

"ಏನ್ರೀ ಮಾಡ್ತೀರಾ?" ಎಂದು ಅವಳು ನನ್ನನ್ನು ಕೇಳಿದಳು.

"ಕೈಗೆ ಎಣ್ಣೆ ಹಚ್ತೀನಿ ಕಣೇ."

"ಪ್ಲಾಸ್ಟರ್ ಮೇಲೆ?"

ಭುಜಕ್ಕೆ, ಎಂದೆ. ಅವಳು ನನ್ನನ್ನು ನೋಡಿದ ನೋಟ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಪ್ಪನ ಗುಟ್ಟು ಕಾಯಲು ಹೋಗಿ ಮಗಳ ಮುಂದೆ ನಾನು ಪೆದ್ದನಾಗಿದ್ದೆ.

ಮೂರು ವಾರ ಕಳೆಯಿತು. ಆ ಮೂರು ವಾರದಲ್ಲಿ ನಾಲ್ಕು ಸಲ ನನಗೆ ಬಸ್ಸು ತಪ್ಪಿತ್ತು. ಫೋರ್‌ಮನ್ ಕರೆದು, "ಏನ್ರೀ, ಮದುವೆ ಆಗಿ ಮೂರು ವರ್ಷ ಆಯ್ತಲ್ಲಾ, ಇನ್ನೂ ಏಳೋಕಾಗಲ್ವಾ?" ಎಂದು ಎಲ್ಲರೆದುರಿಗೆ ನಗಾಡಿದ. ಮಾವನ ಹಲ್ಲು ತೊಳೀತಿದ್ದೆ ಸಾರ್ ಎಂದು ಹೇಳಲಾಗುತ್ತದೆಯೇ?

ಮಾರನೆಯ ಬೆಳಿಗ್ಗೆ ಅದೇ ಸಿಟ್ಟಿನಲ್ಲಿದ್ದೆ. ಹಿಂದಿನ ದಿನದ ಕರೆ ಮೇಲಿನ ಸೆಟ್ಟಿನ ಒಳಬದಿಗೆ ಗಟ್ಟಿಯಾಗಿ ಕೂತಿತ್ತು. ಒಮ್ಮೆ ಉಜ್ಜಿದೆ, ಇನ್ನೊಮ್ಮೆ ಎಂದರು. ಎರಡನೇ ಸಲ ಉಜ್ಜಿದೆ, ಇನ್ನೊಮ್ಮೆ ಎಂದರು. ಅಷ್ಟರಲ್ಲಿ ಹೊರಗೆ ಹಾಲಿನವನು ಬಂದ, ನನ್ನ ಹೆಂಡತಿ ಬಾಗಿಲಾಚೆಯಿಂದ ಮಾವನವರನ್ನು ಏನೋ ಕೇಳಿದಳು. ಅವರು ಟವೆಲ್ಲು ಬಾಯಿಗಿಟ್ಟುಕೊಂಡು ಬಾಗಿಲ ಸಂದಿನಿಂದ ಹೂಂ ಹೂಂ ಎನ್ನುತ್ತ ನಿಂತರು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಜಿಡ್ಡು ಹಿಡಿದ ಪಾತ್ರೆಗೆ ಕುದಿನೀರು ಹೊಯ್ದರೆ ಹೋಗುತ್ತದಲ್ಲ, ಇದಕ್ಕೇನು ದೊಡ್ಡಸ್ತಿಕೆ ಎಂದು ನಾನು ಒಂದು ಚೊಂಬು ನೀರು ತೋಡಿ ಮೇಲಿನ ಸೆಟ್ಟನ್ನು ಅದರಲ್ಲಿ ಅದ್ದಿ ಬಿಟ್ಟೆ. ಅವರು ತಿರುಗುವ ಹೊತ್ತಿಗೆ ತೆಗೆದು ತಣ್ಣೀರಿನಲ್ಲಿ ಜಾಲಾಡಿ ಒಂದು ಸಲ ಉಜ್ಜಿದೆ. ಕರೆ ನಿಜವಾಗಿಯೂ ಹೋಗಿತ್ತು.

ಕಿಟಕಿಗೆ ಹಿಡಿದು ನೋಡಿದರು. "ಹ್ಞಾಂ, ಇವತ್ತು ಸರಿಯಾಗಿ ತೊಳೆದ್ರಿ ನೋಡ್ರಿ," ಎಂದರು. ಮೂರು ವಾರದಲ್ಲಿ ಅದೇ ಮೊದಲ ಮೆಚ್ಚುಗೆ. ಗೋಡೆಯ ಕಡೆ ತಿರುಗಿ ಹಾಕಿಕೊಂಡರು. ಬಹಳ ಹೊತ್ತು ತಿರುಗಲೇ ಇಲ್ಲ. ಬಾಯೊಳಗೆ ಟಕಟಕ ಎಂದು ಸದ್ದಾಗುತ್ತಿತ್ತು.

"ಯಾಕೋ ಕೂರವಲ್ದು," ಎಂದರು. ಆಮೇಲೆ ತಾವೇ, "ವಸಡು ಇಳಿದಿರಬೇಕು. ವಯಸ್ಸಾತು," ಎಂದರು.

ಬಸ್ಸಿಗೆ ಹೊತ್ತಾಗಿದೆ ಎಂದು ಓಡಿದೆ. ಆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಸಿಗೆ ಬಾಗುವ ವಸ್ತು ಯಾವುದು, ಬಾಗದ್ದು ಯಾವುದು ಎಂಬುದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಬುದ್ಧಿ ಬಚ್ಚಲಲ್ಲಿ ಎಲ್ಲಿ ಹೋಗಿತ್ತೋ.

ಮೂರು ದಿನ ಮಾವನವರು ಹೆಚ್ಚು ಮಾತಾಡಲಿಲ್ಲ. ಮಾತಾಡಿದರೆ ಮೇಲಿನ ಸಾಲು ಕಳಚಿ ಕೆಳಗಿನದಕ್ಕೆ ಬಡಿಯುತ್ತಿತ್ತು. ರೊಟ್ಟಿ ಬೇಡ ಎಂದರು. ಮುದ್ದೆ, ಮೊಸರನ್ನ, ಅದೂ ಎರಡು ತುತ್ತು. ಅವರಿಗೆಂದೇ ಜೋಳದ ಹಿಟ್ಟು ತರಿಸಿ ದಿನಾ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಗೆ ಅದು ಎದೆಗೆ ಚುಚ್ಚಿತು. ಅಪ್ಪನಿಗೆ ಇಲ್ಲಿ ಬೇಸರವಾಗಿದೆ, ನನ್ನ ಕೈ ಅಡುಗೆ ಸೇರುತ್ತಿಲ್ಲ ಎಂದು ಕಣ್ಣೀರು ಹಾಕಿದಳು. ಹಾಗೇನಿಲ್ಲ ಎಂದು ನಾನು ಹೇಳಿದಷ್ಟೂ ಅವಳ ಸಂಶಯ ಹೆಚ್ಚಾಯಿತು.

ಭಾನುವಾರ ಮಧ್ಯಾಹ್ನ ಅವಳು ಗೋಧಿ ಹುಗ್ಗಿ ಮಾಡಿದ್ದಳು. ಚಿಕ್ಕಂದಿನಿಂದ ಅಪ್ಪನಿಗೆ ಪ್ರಿಯವಾದದ್ದು. ಬಡಿಸಿ, ಅವರ ಎದುರಿಗೇ ಕೂತುಬಿಟ್ಟಳು.

"ಅಪ್ಪಾಜಿ, ನಿಜ ಹೇಳ್ರಿ. ನನ್ನ ಮೇಲೆ ಸಿಟ್ಟಾಗೀರಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಹಂಗಾದ್ರೆ ಬಾಯಿ ಬಿಟ್ಟು ಹೇಳ್ರಿ. ನಾನೇನು ತಪ್ಪು ಮಾಡೀನಿ?"

ಮಗಳ ಮಾತು ಕೇಳಿ ಅವರಿಗೆ ತಡೆಯಲಾಗಲಿಲ್ಲ. "ಇಲ್ಲವ್ವಾ..." ಎಂದು ಬಾಯಿ ತೆರೆದರು. ಮೇಲಿನ ಸೆಟ್ಟು ಜಾರಿ ತಟ್ಟೆಯ ಅಂಚಿಗೆ ಟಣ್ ಎಂದು ಬಡಿದು ಹುಗ್ಗಿಯಲ್ಲಿ ಬಿತ್ತು.

ಹುಗ್ಗಿಯಿಂದ ಹಬೆ ಏಳುತ್ತಿತ್ತು. ಮಾವನವರು ಎಡಗೈಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ನನ್ನ ಹೆಂಡತಿ ತಟ್ಟೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಭುಜಕ್ಕೆ ಎಣ್ಣೆ!"

ಅವಳು ಅಳುತ್ತಾಳೆ ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು. ಎದ್ದು ನಿಂತು ಇಬ್ಬರಿಗೂ ಸೇರಿಸಿ ಬೈದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಾಗ ಎಂಟು ತಿಂಗಳು ಎಲ್ಲವನ್ನೂ ಮಾಡಿದವಳು ತಾನು. ಹೆತ್ತ ಅಪ್ಪನ ಬಾಯಿ ನೋಡಲು ತನಗೆ ಹೇಸಿಗೆಯೇ? ತಾನೇನು ಅವರ ಶಾಲೆಯ ಹುಡುಗಿಯೇ? ನಿನ್ನೆ ಮೊನ್ನೆ ಬಂದ ಅಳಿಯ ಹತ್ತಿರದವನು, ಮಗಳು ಹೊರಗಿನವಳು, ಅಲ್ಲವೇ? ಮಾವನವರು ಒಂದು ಮಾತಿಗೂ ಉತ್ತರ ಕೊಡಲಿಲ್ಲ. ಹಲ್ಲಿಲ್ಲದೆ ಕೊಡುವುದಾದರೂ ಹೇಗೆ? ಬೈದು ಮುಗಿದ ಮೇಲೆ ಅವಳು ಹುಗ್ಗಿಯೊಳಗೆ ಕೈ ಹಾಕಿ ಸೆಟ್ಟನ್ನು ಎತ್ತಿಕೊಂಡು, ಅಂಗಳದ ನಲ್ಲಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೊಳೆದು ತಂದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಸಂಜೆ ಮೂವರೂ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ನಮ್ಮ ಬಡಾವಣೆಯಲ್ಲೇ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕ್ಲಿನಿಕ್ಕು. ನನಗಿಂತ ಚಿಕ್ಕವನಂತೆ ಕಾಣುವ ಡಾಕ್ಟರು. ಮೇಲಿನ ಸೆಟ್ಟನ್ನು ಮೇಜಿನ ಮೇಲಿಟ್ಟು ಒಂದು ಬೆರಳಿನಿಂದ ತಟ್ಟಿದರು. ಅದು ಮುರುಕು ಸ್ಟೂಲಿನ ಹಾಗೆ ಅತ್ತಿತ್ತ ಕುಣಿಯಿತು.

"ಯಜಮಾನ್ರೇ, ಇದನ್ನ ಬಿಸಿನೀರಿಗೆ ಹಾಕಿದ್ರಾ?"

ಬಾಯಿ ತೆರೆದೆ. ಮಾತು ಹೊರಡುವ ಮುಂಚೆಯೇ ಮಾವನವರು ಟವೆಲ್ಲಿನ ಹಿಂದಿನಿಂದ, "ಹೌದ್ರಿ. ನಾನ ಹಾಕಿದೆ," ಎಂದರು.

"ಅಲ್ಲ ಸಾರ್, ಕಟ್ಟಿಕೊಡೋವಾಗ ಹೇಳಿರ್ತಾರಲ್ಲ? ಬಿಸಿನೀರು ತಾಗಿಸಬಾರದು ಅಂತ? ಓದಿದವರು ನೀವು. ಈಗ ನೋಡಿ, ಸೊಟ್ಟ ಆಗಿದೆ. ಇದನ್ನ ಸರಿ ಮಾಡೋಕಾಗಲ್ಲ. ಹೊಸ ಅಚ್ಚು ತೆಗೀಬೇಕು."

ಎರಡು ತಾಲ್ಲೂಕನ್ನು ನಡುಗಿಸಿದ ಮನುಷ್ಯ ಕುರ್ಚಿಯಲ್ಲಿ ಕೂತು ಆ ಹುಡುಗ ಡಾಕ್ಟರಿಂದ ಬೈಸಿಕೊಂಡರು. "ತಪ್ಪಾತು," ಎಂದರು. ದಾರಿಯುದ್ದಕ್ಕೂ ಮಗಳು ಬೈದಳು. ಒಂದು ಕೈ ಕಟ್ಟಿಸಿಕೊಂಡು ಹಂಡೆಯ ನೀರು ತೋಡಲು ಹೋಗಿದ್ದೀರಲ್ಲ, ಮೈ ಮೇಲೆ ಬಿದ್ದಿದ್ದರೆ ಏನು ಗತಿ ಎಂದು. ಅವರು ಹೂಂ ಎನ್ನುತ್ತ ನಡೆದರು. ನಾನು ಹಿಂದೆ ಹಿಂದೆ ಬರುತ್ತಿದ್ದೆ. ಅವರ ಮೇಲೆ ನನಗೆ ಸಿಟ್ಟೇ ಬಂದಿತ್ತು. ನಾನು ಒಪ್ಪಿಕೊಳ್ಳುತ್ತಿದ್ದೆನಲ್ಲ! ಅರ್ಧ ಕ್ಷಣ ತಡೆಯಬಾರದಿತ್ತೇ? ಈಗ ನಾನು ಬಾಯಿ ಬಿಟ್ಟರೆ ಅವರನ್ನು ಸುಳ್ಳುಗಾರರನ್ನಾಗಿ ಮಾಡಬೇಕು, ಬಿಡದಿದ್ದರೆ ಈ ಬೈಗುಳ ಕೇಳುತ್ತ ನಡೆಯಬೇಕು.

ಹೊಸ ಸೆಟ್ಟಿಗೆ ಹತ್ತು ಹನ್ನೆರಡು ದಿನ ಎಂದಿದ್ದರು. ಆ ದಿನಗಳಲ್ಲಿ ತೊಳೆಯಲು ಉಳಿದದ್ದು ಕೆಳಗಿನ ಸಾಲು ಮಾತ್ರ. ಅದನ್ನು ಮಗಳು ವಹಿಸಿಕೊಂಡಳು. ಅವಳು ಕಿಟಕಿಗೆ ಹಿಡಿದು ತೋರಿಸುತ್ತಿರಲಿಲ್ಲ. ಅವರು ಇನ್ನೊಮ್ಮೆ ಎಂದರೆ, "ಸಾಕು, ಹಾಕ್ಕೊಳ್ರಿ," ಎನ್ನುತ್ತಿದ್ದಳು. ಅವರು ಹಾಕಿಕೊಳ್ಳುತ್ತಿದ್ದರು! ಎಲೆ ಅಡಿಕೆಯ ಚೀಲವನ್ನೂ ಅವಳು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಊಟ ಅರಗಬೇಕೆಂಬ ಮಾತು ಅವಳ ಮುಂದೆ ಬರಲೇ ಇಲ್ಲ. ಮೂರು ವಾರ ನಾನು ಪಟ್ಟ ಪಾಡೆಲ್ಲ ಯಾರಿಗಾಗಿ ಎಂದು ನನಗೆ ಮೈಯೆಲ್ಲ ಉರಿಯಿತು.

ಒಂದು ಸಂಜೆ ಅವಳು ತರಕಾರಿಗೆ ಹೋಗಿದ್ದಾಗ ನಾನು ಅವರ ಎದುರಿಗೆ ಹೋಗಿ ಕೂತೆ.

"ಮಾವ, ಬಿಸಿನೀರಿಗೆ ಹಾಕಿದ್ದು ನಾನು."

"ಗೊತ್ತು," ಎಂದರು. ಮೇಲಿನ ಹಲ್ಲಿಲ್ಲದ ಬಾಯಿಯಲ್ಲಿ ಮಾತು ತೊದಲುತ್ತಿತ್ತು. "ನಾನು ತಿರುಗಿದಾಗ ಚೊಂಬಿನಿಂದ ಹಬೆ ಏಳ್ತಿತ್ತು. ಬಾಯಾಗ ಹಾಕ್ಕೊಂಡಾಗ ಇನ್ನೂ ಬೆಚ್ಚಗಿತ್ತು."

"ಮತ್ತೆ ಡಾಕ್ಟರ ಹತ್ರ ಯಾಕೆ ಹಾಗಂದ್ರಿ?"

"ನನ್ನ ಮಗಳು ನನಗ ಬೈದ್ರೆ ನಾನು ಊರಿಗೆ ಹೋಗೋವರೆಗೆ ಬೈತಾಳೆ. ನಿಮಗ ಬೈಯಾಕೆ ಹತ್ತಿದ್ರೆ ನೀವೆಲ್ಲಿಗೆ ಹೋಗ್ತೀರಿ?" ಆಮೇಲೆ, "ಆದ್ರೂ ಹೇಳಾಕೆ ಇಷ್ಟು ದಿನ ತಗೋಬಾರದಿತ್ತು ನೀವು," ಎಂದರು. ಹಾಜರಿ ಪುಸ್ತಕದಲ್ಲಿ ಷರಾ ಬರೆಯುವ ಧ್ವನಿಯಲ್ಲಿ.

ನಾಚಿಕೆಯಾಯಿತು. ಆ ಧ್ವನಿಗೆ ರೇಗಿಯೂ ಹೋಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಎದ್ದು ಬಂದೆ. ಹೆಂಡತಿಗೆ ನಾನು ಹೇಳಿದ್ದು ಅವರು ಊರಿಗೆ ಹೋದ ಎಷ್ಟೋ ದಿನದ ಮೇಲೆ. ಅವಳು ಅಂದೇ ಕೂತು ಅಪ್ಪನಿಗೆ ಒಂದು ಇನ್‌ಲ್ಯಾಂಡ್ ಕಾಗದ ಬರೆದಳು. ಅದರಲ್ಲಿ ಏನು ಬರೆದಿದ್ದಳೋ ನನಗೆ ತೋರಿಸಲಿಲ್ಲ.

ಹೊಸ ಸೆಟ್ಟು ಬಂತು. ಅದರ ಅಭ್ಯಾಸಕ್ಕೆ ಗಟ್ಟಿಯಾಗಿ ಓದಬೇಕು ಎಂದು ಡಾಕ್ಟರು ಹೇಳಿದ್ದೇ ತಪ್ಪಾಯಿತು. ಮುಂದಿನ ಒಂದು ವಾರ ಬೆಳಿಗ್ಗೆ ಸಂಜೆ ದಿನಪತ್ರಿಕೆಯ ಒಂದು ಸಾಲೂ ಬಿಡದೆ, ಟೆಂಡರ್ ಪ್ರಕಟಣೆಗಳೂ ಸೇರಿ, ನಮ್ಮ ಎರಡು ಕೋಣೆಯಲ್ಲಿ ಪಾರಾಯಣವಾಯಿತು. ಸಕಾರ ಬಂದಾಗಲೆಲ್ಲ ಹೊಸ ಸೆಟ್ಟು ಸೀಟಿ ಹೊಡೆಯುತ್ತಿತ್ತು. ಸಕಾರವಿಲ್ಲದ ಸುದ್ದಿ ಇರುತ್ತದೆಯೇ?

ಅಷ್ಟರಲ್ಲಿ ಪ್ಲಾಸ್ಟರು ಬಿಚ್ಚಿದರು. ಕೈ ಒಣಗಿದ ಕಡ್ಡಿಯ ಹಾಗೆ ಸೊರಗಿತ್ತು, ಮಣಿಕಟ್ಟು ಬಿಗಿದುಹೋಗಿತ್ತು. ಬೆರಳಿಗೆ ಕೆಲಸ ಕೊಡಬೇಕು, ತಿರುಗಿಸುತ್ತಿರಬೇಕು ಎಂದು ಮೂಳೆ ಡಾಕ್ಟರು ಹೇಳಿದರು. ನನ್ನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು. "ಇನ್ನು ಮೇಲೆ ನಿಮ್ಮ ಹಲ್ಲು ನೀವೇ ತೊಳೀರಿ ಅಪ್ಪಾಜಿ. ಅದಕ್ಕಿಂತ ಒಳ್ಳೆ ಎಕ್ಸರ್‌ಸೈಜ್ ಇಲ್ಲ. ಬಚ್ಚಲಲ್ಲಿ ಬೇಡ, ಬೆಳಕಿರೋ ಕಡೆ ಕೂತ್ಕೊಳ್ರಿ."

ಮಾರನೆಯ ಬೆಳಿಗ್ಗೆ ಅವರು ಅಂಗಳದ ಒಗೆಯುವ ಕಲ್ಲಿನ ಮೇಲೆ ಕೂತರು. ಮುಂದೆ ನಲ್ಲಿಯ ಕೆಳಗೆ ಅರ್ಧ ನೀರು ತುಂಬಿದ ಬಕೆಟ್ಟು. ಎಡಗೈಯಲ್ಲಿ ಸೆಟ್ಟು, ನಡುಗುವ ಬಲಗೈಯಲ್ಲಿ ಬ್ರಷ್ಷು. ಮಾಲೀಕರ ಹೆಂಡತಿ ಹೂ ಬಿಡಿಸುತ್ತ ಅತ್ತ ಬಂದವರು ನೋಡಿ, ನೋಡದವರಂತೆ ಹಿಂದಿರುಗಿದರು. ಮಾವನವರ ಕಿವಿ ಕೆಂಪಾಯಿತು, ಆದರೆ ಏಳಲಿಲ್ಲ. ಒಂದು ಹಲ್ಲಿಗೆ ಒಂದು ನಿಮಿಷದಂತೆ, ಒಳಗೆ, ಹೊರಗೆ, ಸಂದಿನಲ್ಲಿ ಉಜ್ಜಿದರು. ಬ್ರಷ್ಷು ಎರಡು ಸಲ ಬಕೆಟ್ಟಿಗೆ ಬಿತ್ತು. ಬಗ್ಗಿ ತೆಗೆದುಕೊಂಡರು. ಮೇಲಿನದು ಮುಗಿಯಿತು, ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು.

ನಾನು ಖಾಲಿ ಕೊಡಪಾನ ಹಿಡಿದು ಹಿಂದೆ ನಿಂತಿದ್ದೆ. ನನ್ನ ಸ್ನಾನದ ಬಿಸಿನೀರಿಗೆ ಬೆರೆಸಲು ತಣ್ಣೀರು ಬೇಕಾಗಿತ್ತು, ಇದ್ದ ಒಂದೇ ನಲ್ಲಿಯನ್ನು ಅವರು ಹಿಡಿದು ಕೂತಿದ್ದರು. ಏಳಕ್ಕೆ ಹತ್ತು ನಿಮಿಷ.

"ಮಾವ, ಒಂದು ಸಲ ಸರೀತೀರಾ? ಬಸ್ಸು ಬರುತ್ತೆ."

"ಆತು ಆತು, ಕೆಳಗಿಂದೊಂದು ಐತಿ," ಎಂದರು, ತಿರುಗಿ ನೋಡದೆ.

ರಸ್ತೆಯ ತುದಿಯಲ್ಲಿ ಬಸ್ಸು ಬಂದು ಹಾರ್ನ್ ಮಾಡಿದ್ದು ಕೇಳಿಸಿತು. ಹೊರಟದ್ದೂ ಕೇಳಿಸಿತು. ನಾನು ಕೊಡಪಾನ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತೆ.